ಒಟ್ಟಿಗೆ ಬೆಳೆದ ಗಂಡು ಸಿಂಹಗಳೂ ಪರಸ್ಪರ ಬೇರೆಯಾಗುತ್ತವೆಯೇ?

ಆಗುತ್ತವೆ, ಮತ್ತೆ ಸೇರುವುದೂ ಉಂಟು. ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ಅಭಯಾರಣ್ಯದಲ್ಲಿ 2006ರ ಸುಮಾರಿಗೆ ಮಪೋಗೊ ಎಂಬ ಆರು ಗಂಡು ಸಿಂಹಗಳ ಕೂಟವು ಹಳೆಯ ಗಂಡುಗಳನ್ನು ಕೊಂದು ಅಥವಾ ಓಡಿಸಿ, ಹಲವು ಸಿಂಹಿಣಿ ಗುಂಪುಗಳ ಮೇಲೆ ಹಿಡಿತ ಸಾಧಿಸಿತು. ಆದರೆ ಕೆಲವೇ ವರ್ಷಗಳಲ್ಲಿ ಮಿಸ್ಟರ್ ಟಿ ಮತ್ತು ಕಿಂಕಿ ಟೇಲ್ ಎಂಬ ಎರಡು ಸಿಂಹಗಳು ಉಳಿದ ನಾಲ್ಕರಿಂದ ದೂರವಾಗಿ ತಮ್ಮದೇ ನೆಲೆ ಕಟ್ಟಿಕೊಂಡವು. 2010ರಲ್ಲಿ ಮಜಿಂಗಿಲಾನೆ ಎಂಬ ಹೊಸ ಕೂಟವು ಕಿಂಕಿ ಟೇಲ್ ಅನ್ನು ಕೊಂದ ಮೇಲೆ ಒಂಟಿಯಾದ ಮಿಸ್ಟರ್ ಟಿ ಹಿಂದಿನ ಒಡನಾಡಿಗಳ ಬಳಿಗೆ ಮರಳಿತಾದರೂ ಅವುಗಳ ಮರಿಗಳನ್ನು ಕೊಂದುಹಾಕಿತು; 2012ರಲ್ಲಿ ಅದು ಸಹ ಸೆಲಾಟಿ ಎಂಬ ಮತ್ತೊಂದು ಕೂಟಕ್ಕೆ ಬಲಿಯಾಯಿತು.

ಇದನ್ನು ದ್ರೋಹವೆಂದು ಬಣ್ಣಿಸುವುದು ಆ ಪ್ರಾಣಿಗಳಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಒಂಟಿ ಸಿಂಹವು ನೆಲೆಯನ್ನು ಹೆಚ್ಚು ಕಾಲ ಕಾಯಲಾರದು. ಆದರೆ ಕೂಟ ದೊಡ್ಡದಾದಷ್ಟೂ ಸಂತಾನದಲ್ಲಿ ಸಿಗುವ ಪಾಲು ಅಸಮವಾಗುತ್ತದೆ. ಆದ್ದರಿಂದಲೇ ತಾಂಜಾನಿಯಾದ ಸೆರೆಂಗೆಟಿ ಹುಲ್ಲುಗಾವಲಿನಲ್ಲಿ ನಡೆದ ದೀರ್ಘಕಾಲದ ಅಧ್ಯಯನದಲ್ಲಿ ಸಂಬಂಧವಿಲ್ಲದ ಗಂಡುಗಳು ಎರಡು ಮೂರರ ಸಣ್ಣ ಕೂಟಗಳಲ್ಲಿ ಮಾತ್ರ ಕಂಡುಬಂದವು. ದೊಡ್ಡ ಕೂಟಗಳಲ್ಲಿ ಇದ್ದದ್ದು ರಕ್ತಸಂಬಂಧಿಗಳು, ಏಕೆಂದರೆ ತನಗೆ ಮರಿಗಳಾಗದಿದ್ದರೂ ಅಣ್ಣತಮ್ಮಂದಿರ ಮರಿಗಳ ಮೂಲಕ ತನ್ನ ವಂಶವಾಹಿಗಳ ಒಂದು ಪಾಲು ಮುಂದುವರಿಯುತ್ತದೆ.