ದಾವಣಗೆರೆ ಬಿಸಿಲಿಗೆ ಲೆಮನ್ ಸೌತೆ, ಮೆಕ್ಸಿಕನ್ ಪುಟ್ಟ ಸೌತೆ ಎಲ್ಲ ಬರುತ್ತಾ?

ಮಾರ್ಚ್‌ನಲ್ಲಿ ಮೂರನೇ ಮಹಡಿಯ ತಾರಸಿ ಮೇಲೆ ಚಿಕ್ಕ ಗ್ರೋ ಬ್ಯಾಗಲ್ಲಿ (ಗಿಡ ಬೆಳೆಸುವ ಚೀಲ) ಲೆಮನ್ ಸೌತೆ, ಅಂದರೆ ನಿಂಬೆಯ ಹಾಗೆ ದುಂಡಗಿನ ಹಳದಿ ಸೌತೆ, ಹಾಕಿದೆ, ಹೂವೆಲ್ಲ ಉದುರಿ ನಾಲ್ಕೇ ಕಾಯಿ ಬಿಟ್ಟಿತು, ಅವೂ ಕಹಿ, ಪಕ್ಕದಲ್ಲಿ ಹಾಗಲಬಳ್ಳಿ ಇದ್ದದ್ದಕ್ಕೆ ಹೀಗಾಯ್ತಾ ಅಂತ ಕೇಳಿದ್ದೀರಿ. ಹಾಗಲದ್ದು ಏನೂ ತಪ್ಪಿಲ್ಲ. ಪಾಪ, ಅದನ್ನು ಕಿತ್ತು ಹಾಕಬೇಡಿ. ತಪ್ಪೆಲ್ಲ ಮಾರ್ಚ್ ತಿಂಗಳದ್ದು.

ನಾನಿರುವುದು ಚಿತ್ರದುರ್ಗದಲ್ಲಿ, ಬೆಟ್ಟದ ಬುಡದ ಮನೆ. ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಬಂಡೆಗಳ ಕಾವು ಆರುವುದಿಲ್ಲ. ಐದು ವರ್ಷದಿಂದ ಹಿತ್ತಲಲ್ಲಿ ತರಾವರಿ ಸೌತೆ ಹಾಕಿ ನೋಡಿದ್ದೇನೆ. ಅರ್ಧಕ್ಕರ್ಧ ಕೈಕೊಟ್ಟಿವೆ. ಹಾಗಾಗಿ ಹೇಳುವ ಹಕ್ಕು ಸ್ವಲ್ಪ ಇದೆ ಅಂದ್ಕೊಂಡಿದ್ದೇನೆ.

ಮೊದಲು ಕಹಿ ವಿಷಯ. ಸೌತೆ, ಸೋರೆ, ಕುಂಬಳ ಈ ಜಾತಿಯ ಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಅನ್ನುವ ಕಹಿ ಪದಾರ್ಥ ಇರುತ್ತೆ. ಸೌತೆಯಲ್ಲಿ ಅದು ಸಾಮಾನ್ಯವಾಗಿ ಎಲೆ, ಕಾಂಡ, ಬೇರಲ್ಲೇ ಉಳಿಯುತ್ತೆ. ಬಿಸಿಲು ಜಾಸ್ತಿಯಾಗಿ, ಒಂದು ದಿನ ನೀರು ಹಾಕಿ ಎರಡು ದಿನ ಮರೆತರೆ ಕಾಯಿಗೂ ಇಳಿಯುತ್ತೆ. ತೊಟ್ಟಿನ ಕಡೆಗೆ, ಸಿಪ್ಪೆಯ ಅಡಿಗೆ ಜಾಸ್ತಿ. ನಾವೆಲ್ಲ ತೊಟ್ಟಿನ ತುದಿ ಕತ್ತರಿಸಿ ಉಜ್ಜಿ ನೊರೆ ತೆಗೆಯುತ್ತೇವಲ್ಲ, ಅಲ್ಲಿ ಕೆಲಸ ಮಾಡುವುದು ಕತ್ತರಿಸುವುದು, ಉಜ್ಜುವುದಲ್ಲ. ಹಾಗಲದ ಪರಾಗದಿಂದ ಸೌತೆ ಕಾಯಿ ಕಟ್ಟುವುದೇ ಇಲ್ಲ. ಬೇರೆ ಸೌತೆಯ ಪರಾಗ ಬಿದ್ದರೂ ವ್ಯತ್ಯಾಸ ಆಗುವುದು ಒಳಗಿನ ಬೀಜದಲ್ಲಿ, ಈ ಸಲದ ಕಾಯಿಯ ರುಚಿಯಲ್ಲಿ ಅಲ್ಲ. ಒಂದು ಮಾತು, ಬಾಯಿಗಿಟ್ಟರೆ ಮುಖ ಹಿಂಡುವಷ್ಟು ಕಹಿ ಇದ್ದರೆ ಸುಮ್ನೆ ಬಿಸಾಕಿ. ತಿಂದರೆ ಹೊಟ್ಟೆ ಕೆಡುತ್ತೆ.

ಹೂ ಉದುರಿದ್ದಕ್ಕೂ ಬಿಸಿಲೇ ಮುಖ್ಯ ಕಾರಣ. ಸೌತೆಬಳ್ಳಿಯಲ್ಲಿ ಮೊದಲು ಬರುವುದೆಲ್ಲ ಗಂಡು ಹೂವು. ಅವು ಉದುರಲೇಬೇಕು. ಸೆಕೆ ಏರಿದಷ್ಟೂ, ಗೊಬ್ಬರ ಅತಿಯಾದಷ್ಟೂ ಗಂಡು ಹೂವೇ ಜಾಸ್ತಿ. ಹಿಂದೆ ಪುಟ್ಟ ಹೀಚು ಇರುವ ಹೂವು ಬಂದರೆ ಅದು ಕಾಯಿ ಕಚ್ಚುವ ಹೂವು. ಮೂರನೇ ಮಹಡಿಯ ತಾರಸಿಗೆ ಜೇನುನೊಣ ಬರುವುದು ಕಷ್ಟ. ಬೆಳಿಗ್ಗೆ ಒಂಬತ್ತರೊಳಗೆ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಹೀಚಿನ ಹೂವಿನ ನಡುವೆ ಮೆಲ್ಲಗೆ ಒತ್ತಿ. ಲೆಮನ್ ಸೌತೆಯಲ್ಲಿ ಒಂದು ವಿಶೇಷ ಇದೆ. ಹೀಚಿರುವ ಹೂವಲ್ಲೇ ಪರಾಗವೂ ಇರುತ್ತೆ, ಎರಡೂ ಒಂದರಲ್ಲೇ. ಆದರೂ ಅದನ್ನು ಒಳಗೆ ಕದಡಲು ಯಾರಾದರೂ ಬೇಕು, ಜೇನು ಇಲ್ಲದಿದ್ದರೆ ನೀವು.

ಲೆಮನ್ ಸೌತೆಗೆ ನಮ್ಮ ಕಡೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯ ಕಾಲ. ಜೂನ್‌ನಲ್ಲಿ ಹಾಕಬಹುದು, ಆದರೆ ಆಷಾಢದ ಗಾಳಿ ನಿಮಗೆ ಗೊತ್ತಲ್ಲ. ಒಂದು ವರ್ಷ ನನ್ನ ಚಪ್ಪರವನ್ನೇ ಬುಡಮೇಲು ಮಾಡಿ ಪಕ್ಕದ ಮನೆಯ ಕಾಂಪೌಂಡಿಗೆ ಒರಗಿಸಿತ್ತು. ಹೆಚ್ಚುಕಮ್ಮಿ ಎರಡು ತಿಂಗಳಿಗೆ ಕಾಯಿ ಸಿಗುತ್ತೆ. ಹಸಿರು ಹೋಗಿ ತೆಳು ಹಳದಿ ತಿರುಗುತ್ತಿದ್ದ ಹಾಗೆ ಕೀಳಬೇಕು. ಟೆನಿಸ್ ಚೆಂಡಿಗಿಂತ ಚಿಕ್ಕದಿರುವಾಗಲೇ ಚೆನ್ನ. ಮೊದಲ ಸಲ ಬುಟ್ಟಿ ತಂದು ಅಡುಗೆಮನೆಯಲ್ಲಿ ಇಟ್ಟಾಗ ನಮ್ಮತ್ತೆ ಒಂದನ್ನು ಎತ್ತಿ, ತಿರುಗಿಸಿ ನೋಡಿ, "ಹಣ್ಣಾಗೈತಲ್ಲೇ, ಎಮ್ಮೆಗೆ ಹಾಕು" ಅಂದರು. ಕತ್ತರಿಸಿ ಉಪ್ಪು ಖಾರ ಹಚ್ಚಿ ಕೊಟ್ಟೆ. ಸಿಪ್ಪೆ ತೆಳು, ಒಳಗೆ ನೀರು ನೀರು, ಕಹಿ ಇಲ್ಲ. ಎರಡನೇ ಹೋಳು ಕೇಳಲಿಲ್ಲ, ತಾವೇ ತಗೊಂಡರು.

ಬೇಸಿಗೆಗೇ ಬೇಕು ಅಂದರೆ ಉತ್ತರದವರ ಕಕ್ಡಿ ಹಾಕಿ. ಇಂಗ್ಲಿಷ್‌ನಲ್ಲಿ ಅರ್ಮೇನಿಯನ್ ಕುಕುಂಬರ್ ಅಂತ ಮಾರುತ್ತಾರೆ. ತೆಳು ಹಸಿರು, ಉದ್ದುದ್ದ ಗೆರೆ, ಹಾವಿನ ಹಾಗೆ ಸುತ್ತಿಕೊಳ್ಳುತ್ತೆ. ನಿಜ ಹೇಳಬೇಕಂದ್ರೆ ಅದು ಸೌತೆಯೇ ಅಲ್ಲ, ಕರಬೂಜದ ಜಾತಿ. ನಮ್ಮ ಕೆಕ್ಕರಿಕೆ ಹಣ್ಣೂ ಅದೇ ಮನೆತನದ್ದು. ಅದಕ್ಕೇ ಬಿಸಿಲು ತಡೆಯುತ್ತೆ. ಏಪ್ರಿಲ್‌ನಲ್ಲಿ 38 ಡಿಗ್ರಿ ಹೊಡೆಯುತ್ತಿದ್ದಾಗ ಉಳಿದ ಬಳ್ಳಿಗಳು ಮಧ್ಯಾಹ್ನ ಬಾಡಿ ತಲೆ ಬಗ್ಗಿಸಿದ್ದವು, ಇದು ಮಾತ್ರ ಚಪ್ಪರದ ಮೇಲೆ ಹರಿಯುತ್ತಲೇ ಇತ್ತು. ಒಂದು ಅಡಿ ಆಗುವಷ್ಟರಲ್ಲಿ ಕಿತ್ತುಬಿಡಿ, ಬಿಟ್ಟರೆ ಎರಡು ಅಡಿಗೂ ಹೋಗುತ್ತೆ, ಆಮೇಲೆ ಬೆಂಡು. ಸಿಪ್ಪೆ ಹೆರೆಯುವ ಕೆಲಸ ಇಲ್ಲ. ರೊಟ್ಟಿ ಜೊತೆ ಪಚಡಿಗೆ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ. ನಿಮ್ಮ ತಾರಸಿಗೆ ಒಂದೇ ಒಂದು ತಳಿ ಆರಿಸು ಅಂದರೆ ನಾನು ಇದನ್ನೇ ಆರಿಸುವುದು.

ಮೆಕ್ಸಿಕನ್ ಪುಟ್ಟ ಸೌತೆ ನೋಡಲು ಚೆಂದ. ದ್ರಾಕ್ಷಿಯಷ್ಟು ದಪ್ಪದ ಕಲ್ಲಂಗಡಿ ಅನ್ನಿ. ಮೊಳಕೆಗೆ ಎರಡು ಮೂರು ವಾರ ಬೇಕು, ಆಮೇಲೂ ವಾರಗಟ್ಟಲೆ ನೂಲಿನ ಹಾಗೆ ಇರುತ್ತೆ. ಸತ್ತೇ ಹೋಯ್ತು ಅಂತ ನಾನು ಒಂದು ಕುಂಡ ಚೆಲ್ಲಿಬಿಟ್ಟೆ, ನೀವು ಹಾಗೆ ಮಾಡಬೇಡಿ. ಹಿಡಿದುಕೊಂಡರೆ ಕಾಯಿ ಲೆಕ್ಕವಿಲ್ಲದಷ್ಟು. ರುಚಿ ಸೌತೆಯದ್ದೇ, ಮೇಲೆ ನಿಂಬೆ ಹಿಂಡಿದ ಹಾಗೆ ಹುಳಿ. ಮಕ್ಕಳಿಗೆ ಇಷ್ಟ, ದೊಡ್ಡವರಿಗೆ ಎರಡು ದಿನದ ಸಂಭ್ರಮ. ಉಪ್ಪಿನಕಾಯಿಗೆ ಬೇಕಿದ್ದರೆ ನಮ್ಮ ರೈತರು ರಫ್ತಿಗೆ ಬೆಳೆಯುವ ಮಿಡಿಸೌತೆಯೇ (ಗರ್ಕಿನ್) ವಾಸಿ. ಅದರಲ್ಲಿ ಎಷ್ಟು ಎಳೆಯದೋ ಅಷ್ಟು ಬೆಲೆ, ದಿನಾ ಕೀಳಬೇಕು.

ಬೀಜ ತರಿಸುವಾಗ ಹುಷಾರು. ಆನ್‌ಲೈನಲ್ಲಿ ಒಬ್ಬರ ಹತ್ತಿರ ಬಿಳಿ ಸೌತೆ ಅಂತ ಹತ್ತು ಬೀಜ ತರಿಸಿದ್ದೆ. ಎಲೆ ಬಿಡುವಾಗಲೇ ಅನುಮಾನ ಬಂತು. ಸಂಜೆ ಬಿಳಿ ಹೂ ಅರಳಿದಾಗ ಖಾತ್ರಿಯಾಯ್ತು, ಸೋರೆ! ನೀಲಿ ಸೌತೆ, ಕೆಂಪು ಸೌತೆ ಅಂತ ಫೋಟೋ ಹಾಕಿದ್ದರೆ ನೋಡಿ ನಕ್ಕು ಮುಂದೆ ಹೋಗಿ.

ನಿಮ್ಮ ಗ್ರೋ ಬ್ಯಾಗ್ ಚಿಕ್ಕದಾಯ್ತು. ಬಳ್ಳಿಗೊಂದರಂತೆ 20 ಲೀಟರ್‌ನದ್ದು ಬೇಕು. ಕೆಂಪು ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಮೇಲೆ ಒಣ ಹುಲ್ಲಿನ ಹೊದಿಕೆ. ನಿಮ್ಮ ಕಡೆಯ ಎರೆಮಣ್ಣು ಒಂದನ್ನೇ ತುಂಬಿದರೆ ಬಿರುಕು ಬಿಟ್ಟು ಬೇರು ತುಂಡಾಗುತ್ತೆ. ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತು ನೀರು. ಹೀಚು ಕೊಳೆತು ಒಳಗೆ ಹುಳ ಕಂಡರೆ ಅದು ಹಣ್ಣುನೊಣ. ಅಂಗಡಿಯಲ್ಲಿ ಕ್ಯೂ ಲ್ಯೂರ್ ಬಲೆ (ವಾಸನೆಯಿಂದ ಸೌತೆಯ ನೊಣವನ್ನು ಸೆಳೆಯುವ ಬಲೆ) ಅಂತಲೇ ಕೇಳಿ. ಸುಮ್ನೆ ನೊಣದ ಬಲೆ ಅಂದರೆ ಮಾವಿನದ್ದು ಕೊಡುತ್ತಾರೆ, ಅದಕ್ಕೆ ಸೌತೆಯ ನೊಣ ಬರಲ್ಲ.

ಬೀಜ ಉಳಿಸಿಕೊಳ್ಳುವುದಾದರೆ ಅರಳುವ ಹಿಂದಿನ ಸಂಜೆಯೇ ಹೂವಿನ ಬಾಯಿಗೆ ದಾರ ಸುತ್ತಿ. ಲೆಮನ್ ಸೌತೆ ನಮ್ಮ ಜವಾರಿ ಸೌತೆ ಜೊತೆ ಬೆರೆಯುತ್ತೆ, ಕಕ್ಡಿ ಕರಬೂಜದ ಜೊತೆ ಬೆರೆಯುತ್ತೆ. ಬೆಳಿಗ್ಗೆ ಬಿಚ್ಚಿ, ಹಾಗೇ ಕಟ್ಟಿಟ್ಟ ಅದೇ ತಳಿಯ ಗಂಡು ಹೂವು ಒತ್ತಿ, ಮತ್ತೆ ಕಟ್ಟಿ. ಕಾಯಿ ಬಳ್ಳಿಯಲ್ಲೇ ಪೂರ್ತಿ ಹಣ್ಣಾಗಲಿ. ಆ ಕಾಯಿಗೆ ಒಂದು ಕೆಂಪು ದಾರ ಕಟ್ಟಿ ಮನೆಯವರಿಗೆಲ್ಲ ಹೇಳಿಡಿ. ನಾನು ಹೇಳದೆ ಬಿಟ್ಟ ವರ್ಷ ನಮ್ಮತ್ತೆ ಅದನ್ನು ಕಿತ್ತು ಸಾಂಬಾರಿಗೆ ಹಾಕಿದ್ದರು. ಹಣ್ಣಾಗಿತ್ತಲ್ಲ, ಇನ್ನೇನಕ್ಕೆ ಬರುತ್ತೆ ಅಂದರು.