ಪ್ರಕರಣ: 22 ಲಕ್ಷ ಹರಳುಗಳ ಮುಂದೆ ಆರು

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಸ., 28 ವರ್ಷ. ಬೆಂಗಳೂರಿನಲ್ಲಿ ಪಿಎಚ್‌ಡಿ, ಕೊನೆಯ ವರ್ಷ. ಘನ ಬ್ಯಾಟರಿಯ ಹರಳಿನೊಳಗೆ ಲಿಥಿಯಂ ಒಂದು ಜಾಗದಿಂದ ಪಕ್ಕದ ಜಾಗಕ್ಕೆ ದಾಟಲು ಎಷ್ಟು ಶಕ್ತಿ ಬೇಕು ಅಂತ ಡಿಎಫ್‌ಟಿ ವಿಧಾನದಲ್ಲಿ (ಕ್ವಾಂಟಂ ನಿಯಮಗಳ ಮೇಲೆ ನಿಂತ, ಕಂಪ್ಯೂಟರಿನಲ್ಲಿ ಮಾಡುವ ಲೆಕ್ಕ) ಲೆಕ್ಕ ಹಾಕುವುದು ಆಕೆಯ ಕೆಲಸ. ನಿದ್ದೆ ಬರಲ್ಲ ಅಂತ ನನ್ನ ಹತ್ತಿರ ಸಮಾಲೋಚನೆಗೆ ಬಂದರು. ಸ್ವಲ್ಪ ಹೊತ್ತಿಗೆ, "ಪಿಎಚ್‌ಡಿ ಬಿಟ್ಟುಬಿಡ್ತೀನಿ ಮೇಡಂ" ಅಂದರು.

"2023ರಲ್ಲಿ ಗೂಗಲ್ ಡೀಪ್‌ಮೈಂಡ್‌ನವರು ಎಐ ಮಾಡೆಲ್‌ನಿಂದ 22 ಲಕ್ಷ ಹೊಸ ಹರಳು ಊಹಿಸಿದ್ವಿ ಅಂದ್ರು. ನಾನು ಇಷ್ಟು ವರ್ಷದಲ್ಲಿ ನೋಡಿರೋದು ಆರು."

ರಾತ್ರಿ ಮೂರಕ್ಕೆ ಎದ್ದು ಲ್ಯಾಪ್‌ಟಾಪ್ ತೆರೆಯುತ್ತಾರೆ. ಎಲ್ಲರೂ ಹಂಚಿಕೊಳ್ಳುವ ದೊಡ್ಡ ಕಂಪ್ಯೂಟರ್ ಗುಂಪಿನಲ್ಲಿ (ಕ್ಲಸ್ಟರ್) ತಾವು ಓಡಿಸಲು ಕೊಟ್ಟ ಲೆಕ್ಕದ, ಅಂದರೆ ಜಾಬ್‌ನ ಪಕ್ಕ 'ಪಿಡಿ' ಅಂತಿದ್ದರೆ ಇನ್ನೂ ಕ್ಯೂನಲ್ಲೇ ಇದೆ, 'ಆರ್' ಅಂತಿದ್ದರೆ ಓಡುತ್ತಿದೆ. ಪಿಡಿ ಕಂಡರೆ ಮತ್ತೆ ನಿದ್ದೆ ಇಲ್ಲ. ತಿಂಗಳಿಗೆ 42,000 ಬರುವ ಫೆಲೋಶಿಪ್ ಐದು ವರ್ಷಕ್ಕೆ ನಿಲ್ಲುತ್ತದೆ. ತಮ್ಮ ಐಟಿಯಲ್ಲಿದ್ದಾನೆ. ಅಮ್ಮ ಭಾನುವಾರ ಫೋನ್ ಮಾಡಿದಾಗಲೆಲ್ಲ "ಯಾವಾಗ ಮುಗಿಯುತ್ತಮ್ಮಾ?" ಅನ್ನುತ್ತಾರೆ.

ಈ ವಿಜ್ಞಾನ ನನಗೆ ಬರುವುದಿಲ್ಲ. 'ನಿಮ್ಮ ಕೆಲಸಕ್ಕೂ ಬೆಲೆ ಇದೆ' ಅಂತ ಸುಮ್ನೆ ಹೇಳಿದರೆ ಇಂಥವರು ನಂಬುವುದೂ ಇಲ್ಲ. ಅದಕ್ಕೇ ಒಂದೇ ಪ್ರಶ್ನೆ ಕೇಳಿದೆ: "ಈ ಥರದ ಮಾಡೆಲ್ಲನ್ನು ನಿಮ್ಮ ಹರಳಿನ ಮೇಲೆ ಓಡಿಸಿ ನೋಡಿದ್ದೀರಾ?"

ಇಲ್ಲ. ಉಚಿತವಾಗಿ ಸಿಗುವ ಮಾಡೆಲ್‌ಗಳಿವೆ, ಒಂದು ಮಧ್ಯಾಹ್ನದ ಕೆಲಸ. ಭಯಕ್ಕೆ ಮುಟ್ಟಿರಲಿಲ್ಲ.

ಒಂದೇ ಹರಳು ತಗೊಳ್ಳಿ, ಹಗಲಲ್ಲಿ, ಲ್ಯಾಬಿನ ಗೆಳತಿಯನ್ನು ಪಕ್ಕ ಕೂರಿಸಿಕೊಂಡು ಓಡಿಸಿ ಅಂದೆ. ಲ್ಯಾಪ್‌ಟಾಪ್ ಮಲಗುವ ಕೋಣೆಯಿಂದ ಹೊರಗೆ ಇರಲಿ. ಜಾಬ್ ಮುಗಿದಾಗ ಮೇಲ್ ಬರುವ ಹಾಗೆ ಮಾಡಿಕೊಳ್ಳಿ, ಬೆಳಗ್ಗೆ ನೋಡಿದರಾಯಿತು. ಥೀಸಿಸ್‌ಗೆ ಇನ್ನು ಏನೇನು ಬೇಕು, ಯಾವಾಗ ಸಲ್ಲಿಸಬಹುದು ಅಂತ ಗೈಡ್ ಹತ್ತಿರ ಬರವಣಿಗೆಯಲ್ಲೇ ಕೇಳಿ. ಬಿಡುವ ಮಾತು ಅದಾದಮೇಲೆ. ಕಂಪನಿಗಳಿಗೆ ಅರ್ಜಿ ಹಾಕುವುದಿದ್ದರೆ ಈಗಲೇ ಹಾಕಿ, ಅದರಲ್ಲಿ ತಪ್ಪೇನಿಲ್ಲ ಅಲ್ವಾ?

ಮುಂದಿನ ಸಲ ಬಂದವರು ನನ್ನ ನೋಟ್‌ಪ್ಯಾಡ್ ಎಳೆದುಕೊಂಡು ಎರಡು ದಿಬ್ಬ ಬರೆದರು. ದಿಬ್ಬದ ಎತ್ತರ ಅಂದರೆ ಲಿಥಿಯಂ ದಾಟಲು ಬೇಕಾದ ಶಕ್ತಿ. ಎತ್ತರದ್ದು ಅವರ ಲೆಕ್ಕ, ತಗ್ಗಿನದು ಮಾಡೆಲ್ಲಿನದು. ಲಿಥಿಯಂ ನಿಜಕ್ಕಿಂತ ಸಲೀಸಾಗಿ ದಾಟುತ್ತದೆ ಅಂತ ಮಾಡೆಲ್ ಹೇಳಿತ್ತು. ಇಂಥ ಮಾಡೆಲ್‌ಗಳು ಕಲಿತಿರುವುದು ಜಾಸ್ತಿ ತಮ್ಮ ಜಾಗದಲ್ಲೇ ಆರಾಮಾಗಿ ಕೂತ ಪರಮಾಣುಗಳಿಂದಂತೆ. ದಿಬ್ಬದ ತುದಿಯಲ್ಲಿರುವ ಪರಮಾಣುವನ್ನು ಹೆಚ್ಚು ನೋಡಿಲ್ಲ, ಹಾಗಾಗಿ ಅಲ್ಲಿ ತಪ್ಪುತ್ತವೆ. ಇದು ಬೇರೆಯವರೂ ಪ್ರಕಟಿಸಿರುವ ವಿಷಯ. ಸ್ವಲ್ಪವೇ ಡಿಎಫ್‌ಟಿ ಲೆಕ್ಕ ಕೊಟ್ಟು ಮತ್ತೆ ಕಲಿಸಿದರೆ ಸುಧಾರಿಸುತ್ತದೆ. ಅಂಥ ಲೆಕ್ಕ ಆಕೆಯ ಹತ್ತಿರ ಆರು ಹರಳಿನದ್ದು ಇದೆ!

ಗೈಡ್ ಇದನ್ನು ಕೊನೆಯ ಅಧ್ಯಾಯ ಮಾಡೋಣ ಅಂದಿದ್ದಾರೆ. ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ, ಮನೋವೈದ್ಯರಿಗೆ ಚೀಟಿ ಕೊಟ್ಟಿದ್ದೇನೆ. ಎರಡು ಕಂಪನಿಗೆ ಅರ್ಜಿಯನ್ನೂ ಹಾಕಿದ್ದಾರೆ, ಗೈಡ್‌ಗೆ ಹೇಳಿಯೇ.