“ಮೊಬೈಲ್ ಹಿಡಿದು ಕೂರ್ತಾಳೆ” ಅಂತಾರೆ, ಪೇಜ್ ಬಿಟ್ಟುಬಿಡಲೇ?

ಪ್ರಶ್ನೆ: ನಾನು ಬಿ.ಕಾಂ. ಓದಿ, ಮದುವೆಯಾಗಿ ಇಳಕಲ್‌ಗೆ ಬಂದೆ. ಗಂಡನ ಮನೆಯವರದ್ದು ಸೀರೆ ಅಂಗಡಿ. 3 ವರ್ಷದಿಂದ ಅಂಗಡಿಯ ಇನ್‌ಸ್ಟಾಗ್ರಾಂ ಪೇಜ್ ನೋಡಿಕೊಳ್ಳುತ್ತಿದ್ದೇನೆ. ಫೋಟೊ, ರೀಲ್ಸ್, ಗಿರಾಕಿಗಳಿಗೆ ಉತ್ತರ ಎಲ್ಲಾ ನಾನೇ. ಈಗ ಅಲ್ಲಿಂದಲೇ ಒಳ್ಳೆ ಆರ್ಡರ್ ಬರುತ್ತೆ. ಆದರೂ ಮನೆಯಲ್ಲಿ “ದಿನಾ ಮೊಬೈಲ್ ಹಿಡಿದು ಕೂರ್ತಾಳೆ” ಅನ್ನೋ ಮಾತು ತಪ್ಪಿಲ್ಲ. ಮೊನ್ನೆ ಭಾವ, “ಒಂದು ವಿಡಿಯೊಗೆ ಎಷ್ಟು ಹೊತ್ತು ಬೇಕು?” ಅಂದರು. ಕೈಗೆ ಒಂದು ರೂಪಾಯಿ ಬರೋದಿಲ್ಲ. ಕೇಳಿದರೆ ಸೊಸೆ ಲೆಕ್ಕ ಕೇಳ್ತಾಳೆ ಅಂತಾರೇನೋ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಸಿಟ್ಟಿನಲ್ಲಂತೂ ಬಿಡಲೇಬೇಡಿ.

ನಿಮ್ಮ ಭಾವ ಕೇಳಿದ ಪ್ರಶ್ನೆ ಒಂದು ಕಾಲಕ್ಕೆ ನನ್ನಲ್ಲೂ ಇತ್ತು. ಹುಬ್ಬಳ್ಳಿಯಲ್ಲಿ ನನ್ನ ಅಕ್ಕನ ಮಗಳು ಸಣ್ಣ ಬಟ್ಟೆ ಅಂಗಡಿಯೊಂದಕ್ಕೆ ಇದೇ ಕೆಲಸ ಮಾಡುತ್ತಾಳೆ. ಒಂದು ದಿನ ಅವಳ ಜೊತೆ ಕೂತೆ. ಕಿಟಕಿಯ ಬೆಳಕು ಹದವಾಗಿರೋದು ಬೆಳಿಗ್ಗೆ 9ರವರೆಗೆ ಅಂತ ಬೇಗ ಎದ್ದು ಸೀರೆಗೆ ಇಸ್ತ್ರಿ ಹಾಕಿದಳು. ನೆರಿಗೆ ಹಿಡಿದು ಪಿನ್ ಚುಚ್ಚಿದಳು. ವಿಡಿಯೊ ತೆಗೆದು ನೋಡಿದರೆ ಕೆಂಪು ಸೆರಗು ಫೋನಿನಲ್ಲಿ ಗುಲಾಬಿ ಬಣ್ಣವಾಗಿತ್ತು. “ಇದನ್ನೇ ಹಾಕಿದರೆ ಬಣ್ಣ ಬೇರೆ ಅಂತ ಸೀರೆ ವಾಪಸ್ ಬರುತ್ತೆ ಚಿಕ್ಕಮ್ಮ” ಅಂದಳು. 3 ಸಲ ಸ್ಟ್ಯಾಂಡಿನ ಜಾಗ ಬದಲಿಸಿದಳು. ಸೆರಗನ್ನು ಫೋನಿನ ಪಕ್ಕ ಹಿಡಿದು ಹೋಲಿಸಿ ನೋಡಿದಳು. ಆಮೇಲೆ ಎಡಿಟಿಂಗ್, ಬರಹ, ಬೆಲೆ. 30 ಸೆಕೆಂಡಿನ ರೀಲಿಗೆ 5 ತಾಸು ಹಿಡಿಯಿತು.

ನಿಮ್ಮೂರಿನ ಮಗ್ಗದ ಮನೆಗಳನ್ನೇ ನೋಡಿ. ಮಗ್ಗದ ಮೇಲೆ ಕೂತವರನ್ನು ನೇಕಾರರು ಅಂತೀವಿ. ಮೂಲೆಯಲ್ಲಿ ಕೂತು ಕಂಡಿಕೆ (ಲಾಳಿಯೊಳಗೆ ಇಡುವ ನೂಲಿನ ಸುರುಳಿ) ಸುತ್ತುವ ಹೆಂಗಸನ್ನು ಯಾರೂ ಹಾಗೆ ಕರೆಯೋದಿಲ್ಲ. ಕಂಡಿಕೆ ಇಲ್ಲದೆ ಮಗ್ಗದಲ್ಲಿ ಅತ್ತಿತ್ತ ಓಡೋ ಲಾಳಿ ಓಡುತ್ತಾ? ನಿಮ್ಮದೂ ಅದೇ ಕಥೆ. ಓದಿ ನನಗೆ ನಿಜವಾಗಿ ಬೇಸರವಾಯಿತು.

ಆದರೆ ಒಂದು ಮಾತು ಹೇಳಲೇಬೇಕು. ಮನೆಯವರ ಕಣ್ಣಿಗೆ ಕಾಣೋದು ಫೋನು ಮಾತ್ರ. ಅಡುಗೆಮನೆಯಲ್ಲಿ ನಿಂತು ಗಿರಾಕಿಗೆ ಉತ್ತರ ಕೊಟ್ಟರೂ, ಸುಮ್ನೆ ಬೇರೆಯವರ ರೀಲ್ಸ್ ನೋಡಿದರೂ ದೂರದಿಂದ ಎರಡೂ ಒಂದೇ ಥರ ಕಾಣುತ್ತೆ. ಅದಕ್ಕೇ ಈ ಕೆಲಸವನ್ನು ಮನೆಯಿಂದ ಅಂಗಡಿಗೆ ಒಯ್ಯಿರಿ. ಅಲ್ಲೊಂದು ಟೇಬಲ್, ಕುರ್ಚಿ, ಗೊತ್ತಾದ ಹೊತ್ತು ಇರಲಿ. ರಾತ್ರಿ 11ಕ್ಕೆ “ಪ್ರೈಸ್ ಪ್ಲೀಸ್” ಅಂತ ಬರೋ ಮೆಸೇಜಿಗೆ ನೀವು ಏಳಬೇಕಿಲ್ಲ. ಬೆಲೆ ಕೇಳೋಕೆ ಪೇಜ್‌ನಲ್ಲಿ ಅಂಗಡಿಯ ವಾಟ್ಸ್ಆ್ಯಪ್ ನಂಬರ್ ಕೊಡಿ. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ “ಅಂಗಡಿ ಬೆಳಿಗ್ಗೆ 10ಕ್ಕೆ ತೆರೆಯುತ್ತೆ, ಆಗ ತಿಳಿಸುತ್ತೇವೆ” ಅಂತ ತಾನಾಗೇ ಹೋಗುವ ಉತ್ತರ ಇಡಬಹುದು. ಸೀರೆಗಳ ಬೆಲೆಪಟ್ಟಿಯನ್ನೂ ಅಲ್ಲೇ ಕ್ಯಾಟಲಾಗ್‌ಗೆ ಸೇರಿಸಿಬಿಡಿ.

ಇನ್ನು ದುಡ್ಡಿನ ವಿಷಯ. ಒಂದು ನೋಟ್‌ಬುಕ್ ತಗೊಳ್ಳಿ. 15 ದಿನ ಬರೆಯಿರಿ: ಯಾವ ಸೀರೆ, ಎಷ್ಟು ತಾಸು, ಪೇಜ್‌ನಿಂದ ಬಂದ ಆರ್ಡರ್ ಯಾವುದು, ಎಷ್ಟಕ್ಕೆ ಹೋಯಿತು. ವ್ಯಾಪಾರಸ್ಥರ ಮನೆಗೆ ಕಣ್ಣೀರಿಗಿಂತ ಖಾತೆ ಪುಸ್ತಕ ಬೇಗ ಅರ್ಥವಾಗುತ್ತೆ. ಮೊದಲು ಗಂಡನಿಗೆ ತೋರಿಸಿ. ಅವರೂ ಪಕ್ಕದಲ್ಲಿರುವಾಗ ಮಾವನ ಹತ್ತಿರ ಮಾತಾಡಿ: “ಮಾವಾರ, ಅಂಗಡಿ ಹುಡುಗಗ ಪಗಾರ ಐತಲ್ರಿ, ಈ ಕೆಲಸಕ್ಕೂ ತಿಂಗಳಿಗೆ ಇಷ್ಟು ಅಂತ ಇಡ್ರಿ.” ಮೊತ್ತ ಸಣ್ಣದಾದರೂ ಪರವಾಗಿಲ್ಲ, ನಿಮ್ಮ ಹೆಸರಿನ ಬ್ಯಾಂಕ್ ಖಾತೆಗೇ ಬರಲಿ. ಇದರಲ್ಲಿ ಮಾತ್ರ ಸಡಿಲ ಬಿಡಬೇಡಿ.

ಭಾವನಿಗೆ ಉತ್ತರ ಕೊಡಲು ಹೋಗಬೇಡಿ. ಮುಂದಿನ ಸಲ ಶೂಟ್ ಇದ್ದಾಗ ಕರೆಯಿರಿ, ಸೆರಗು ಹಿಡಿಯೋಕೆ ಹೇಗೂ ಇನ್ನೊಂದು ಕೈ ಬೇಕಲ್ವಾ.

ಇಷ್ಟಾದರೂ ಒಪ್ಪದಿದ್ದರೆ ಬೇರೆ ಅಂಗಡಿಗಳ ಕೆಲಸ ಹಿಡಿಯುವ ಮಾತನ್ನು ಗಂಡನ ಜೊತೆ ಆಡಿ. ನೀವು ಮಾಡಿದ ರೀಲ್‌ಗಳ ಪ್ರತಿ ನಿಮ್ಮ ಹತ್ತಿರವೂ ಇರಲಿ, ಕೆಲಸ ಕೇಳುವಾಗ ತೋರಿಸಲು ಬೇಕಾಗುತ್ತೆ. ನೋಟ್‌ಬುಕ್ ನಾಳೆಯೇ ಶುರು ಮಾಡಿ. ಮಾವ ಏನೆಂದರು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.